ರೇಡಿಯೊ ನಿಯಂತ್ರಿತ ಸರಕು ವಿಮಾನ ಮಾದರಿ: ಜೋಡಣೆ, ಹಾರಾಟ ಮತ್ತು ಗಾಣಗಾಪುರ ಸೀಮೆಯ ಬಯಲು

ಸೇನೆಯ ಸರಕು ಸಾಗಣೆ ವಿಮಾನವೊಂದರ ಆಕಾರ, ಅಳತೆ, ಬಣ್ಣ, ಗುರುತುಗಳನ್ನು ನಿಗದಿತ ಪ್ರಮಾಣದಲ್ಲಿ ಕಿರಿದುಗೊಳಿಸಿ ಕಟ್ಟಿ, ನೆಲದ ಮೇಲೆ ನಿಂತು ರೇಡಿಯೊ ಸಂಕೇತಗಳ ಮೂಲಕ ಹಾರಿಸುವ ವಿಮಾನವಿದು. ಹವ್ಯಾಸಿಗಳ ಬಾಯಲ್ಲಿ ಇದಕ್ಕೆ ಆರ್‌ಸಿ ಕಾರ್ಗೊ ಪ್ಲೇನ್ ಎಂದೇ ಹೆಸರು. ಒಂದು ಜೊತೆ ರೆಕ್ಕೆಯ ಮಾದರಿಯಲ್ಲಿ ತುದಿಯಿಂದ ತುದಿಗೆ 80 ಅಂಗುಲ, ಅಂದರೆ ಸುಮಾರು 2 ಮೀಟರ್ ಇದ್ದರೆ ಅಮೆರಿಕದ ಇಂಟರ್‌ನ್ಯಾಷನಲ್ ಮಿನಿಯೇಚರ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಅದನ್ನು ದೈತ್ಯ ಮಾದರಿಗಳ ಸಾಲಿಗೆ ಸೇರಿಸುತ್ತದೆ. ಈ ಲೇಖನದಲ್ಲಿ ದೊಡ್ಡ ಮಾದರಿ ಎಂದರೆ 2ರಿಂದ 3 ಮೀಟರ್ ರೆಕ್ಕೆಯ, 5ರಿಂದ 12 ಕೆ.ಜಿ. ತೂಕದ ವಿಮಾನ.

ಯುದ್ಧವಿಮಾನದ ಮಾದರಿ ವೇಗದಿಂದ ಕಣ್ಣು ಸೆಳೆಯುತ್ತದೆ. ಸರಕು ವಿಮಾನದ ಚೆಲುವು ಅದರ ನಿಧಾನದಲ್ಲಿದೆ. ಫ್ಲ್ಯಾಪ್ ಇಳಿಸಿ, ಚಕ್ರ ಬಿಟ್ಟು, ನಾಲ್ಕು ಮೋಟಾರುಗಳ ಗುಂಯ್‌ಗುಡುವಿಕೆಯೊಂದಿಗೆ ಬಯಲಿನ ತಲೆಯ ಮೇಲೆ ತೂಕದಿಂದ ಸಾಗಿ ಬರುವ ಹರ್ಕ್ಯುಲಿಸ್ ಮಾದರಿಯನ್ನು ಒಮ್ಮೆ ಕಂಡವರು ಮರೆಯುವುದಿಲ್ಲ. ಆ ಗಾಂಭೀರ್ಯದ ಮುಕ್ಕಾಲು ಪಾಲು ಹಾರಿಸುವವರ ಬೆರಳಲ್ಲಿ ಅಲ್ಲ, ಹಾರುವುದಕ್ಕೆ ಮೊದಲು ಮೇಜಿನ ಮೇಲೆ ನಡೆದ ಜೋಡಣೆಯಲ್ಲಿದೆ. ಬಯಲಿನಲ್ಲಿ ಬಿದ್ದು ಒಡೆಯುವ ದೊಡ್ಡ ಮಾದರಿಗಳಲ್ಲಿ ಹೆಚ್ಚಿನವುಗಳ ಗತಿ ಮನೆಯಲ್ಲೇ ನಿಶ್ಚಯವಾಗಿರುತ್ತದೆ ಎಂದರೆ ತಪ್ಪಲ್ಲ.

ಹಿನ್ನೆಲೆ

ರೇಡಿಯೊ ಮೂಲಕ ಮಾದರಿ ವಿಮಾನ ಹಾರಿಸುವ ಹವ್ಯಾಸಕ್ಕೆ 1930ರ ದಶಕದಲ್ಲಿ ಅಮೆರಿಕದಲ್ಲಿ ಗಟ್ಟಿಯಾದ ಆರಂಭ ಸಿಕ್ಕಿತು. ವಾಲ್ಟರ್ ಗುಡ್ ಮತ್ತು ವಿಲಿಯಂ ಗುಡ್ ಸಹೋದರರ ‘ಬಿಗ್ ಗಫ್’ 1937ರಲ್ಲಿ ಹಾರಿತು. ಆಗ ರೇಡಿಯೊ ಕವಾಟ, ಬ್ಯಾಟರಿಗಳ ಭಾರವನ್ನು ಹೊರುವುದೇ ವಿಮಾನಕ್ಕೆ ದೊಡ್ಡ ಕೆಲಸವಾಗಿತ್ತು. ಹರಳು ಬದಲಿಸುವ ಹಳೆಯ ಸೆಟ್ಟುಗಳ ಕಾಲದಲ್ಲಿ ಪಕ್ಕದವರು ಅದೇ ತರಂಗಾಂತರದಲ್ಲಿ ಟ್ರಾನ್ಸ್‌ಮಿಟರ್ ಹಚ್ಚಿದರೆ ಆಕಾಶದಲ್ಲಿದ್ದ ವಿಮಾನ ಕೈತಪ್ಪುತ್ತಿತ್ತು. 2.4 ಗಿಗಾಹರ್ಟ್ಸ್ ಸೆಟ್ಟುಗಳು ಬಂದಮೇಲೆ ಆ ಭಯ ಹೆಚ್ಚುಕಡಿಮೆ ಹೋಯಿತು. ಬ್ರಶ್‌ಲೆಸ್ ಮೋಟಾರು, ಲಿಥಿಯಂ ಪಾಲಿಮರ್ ಬ್ಯಾಟರಿಗಳು ಅಗ್ಗವಾದ ಮೇಲೆ ನಾಲ್ಕು ಎಂಜಿನ್ನಿನ ಮಾದರಿ ಮಧ್ಯಮ ವರ್ಗದ ಕೈಗೂ ಎಟುಕಿತು. ನಾಲ್ಕು ಪೆಟ್ರೋಲ್ ಅಥವಾ ಗ್ಲೋ ಎಂಜಿನ್‌ಗಳನ್ನು ಒಂದೇ ಹದದಲ್ಲಿ ಓಡಿಸುವ ಪಾಡು ತಪ್ಪಿದ್ದೇ ಇದಕ್ಕೆ ಮುಖ್ಯ ಕಾರಣ.

ಕರ್ನಾಟಕಕ್ಕೂ ಸರಕು ವಿಮಾನಕ್ಕೂ ಇರುವ ನಂಟು ಹಳೆಯದು. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನಿಂದ 1940ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಯುದ್ಧದ ವರ್ಷಗಳಲ್ಲಿ ಡಾ. ವಿ. ಎಂ. ಘಾಟಗೆ ರೂಪಿಸಿದ ಜಿ-1 ಹತ್ತು ಆಸನಗಳ ಗ್ಲೈಡರ್. ಸೈನಿಕರನ್ನು ಸಾಗಿಸಲೆಂದು ಚಿತ್ರಿಸಿದ ಈ ಎಂಜಿನ್ ಇಲ್ಲದ ವಿಮಾನ ಒಂದೇ ಒಂದು ತಯಾರಾಯಿತು. ಬೆಂಗಳೂರಿನಲ್ಲಿ ಹುಟ್ಟಿದ ಮೊದಲ ಸ್ವಂತ ವಿನ್ಯಾಸ ಒಂದು ಸಾಗಣೆ ವಿಮಾನ ಎಂಬುದನ್ನು ನಮ್ಮ ಹವ್ಯಾಸಿಗಳು ನೆನೆಯಬೇಕು. ಇದರ ಮಾದರಿಯನ್ನು ಯಾರಾದರೂ ಕಟ್ಟಿ ಹಾರಿಸಿದರೆ ಅದೊಂದು ಒಳ್ಳೆಯ ಕೆಲಸವಾದೀತು. ಅದೇ ಕಾರ್ಖಾನೆಯಲ್ಲಿ ಅಮೆರಿಕದ ವಾಯುಸೇನೆಯ ಡಕೋಟಾ ಸಾಗಣೆ ವಿಮಾನಗಳೂ ದುರಸ್ತಿಗೊಂಡವು. 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ಭಾರತದ ಸೈನಿಕರನ್ನು ಇಳಿಸಿದ್ದೂ ಡಕೋಟಾಗಳೇ.

ಇಂದು ಬೆಂಗಳೂರಿನ ಉತ್ತರಕ್ಕಿರುವ ಯಲಹಂಕ ವಾಯುನೆಲೆ ಅಂಟೊನೊವ್ ಆನ್-32 ವಿಮಾನದ ಚಾಲಕರನ್ನು ತರಬೇತಿಗೊಳಿಸುವ ತಾಣ. 1996ರಿಂದ ಏರೋ ಇಂಡಿಯಾ ಪ್ರದರ್ಶನ ನಡೆಯುವುದೂ ಅಲ್ಲಿಯೇ. ಅಲ್ಲಿ ಬೇಲಿಯಾಚೆ ನಿಂತು ಸರಕು ವಿಮಾನಗಳ ಏರುವಿಕೆ ಇಳಿಯುವಿಕೆ ನೋಡಿದ ಎಷ್ಟೋ ಹುಡುಗರಿಗೆ ಮಾದರಿ ಕಟ್ಟುವ ಹುಚ್ಚು ಹತ್ತಿದೆ. ಹತ್ತಿರದ ಜಕ್ಕೂರಿನ ಸರಕಾರಿ ವೈಮಾನಿಕ ತರಬೇತಿ ಶಾಲೆ 1948ರದು. ಎನ್‌ಸಿಸಿಯ ವಾಯುದಳದ ಕೆಡೆಟ್‌ಗಳಿಗೆ ಏರೋಮಾಡೆಲಿಂಗ್ ಪಠ್ಯದ ಭಾಗ. ವಾಯುಸೈನಿಕ ಶಿಬಿರಗಳಲ್ಲಿ ಅದರ ಸ್ಪರ್ಧೆಯೂ ಇದೆ. ಕರ್ನಾಟಕದಲ್ಲಿ ಬಾಲ್ಸಾ ಕಟ್ಟಿಗೆಯನ್ನು ಮೊದಲು ಮುಟ್ಟಿದ ಅನೇಕರು ಎನ್‌ಸಿಸಿಯ ಮೂಲಕ ಮುಟ್ಟಿದವರು.

ಯಾವ ವಿಮಾನ?

ಅತಿ ಹೆಚ್ಚು ಮಾದರಿಯಾಗಿರುವುದು ಲಾಕ್‌ಹೀಡ್ ಸಿ-130 ಹರ್ಕ್ಯುಲಿಸ್. 1954ರ ಆಗಸ್ಟ್ 23ರಂದು ಮೊದಲು ಹಾರಿದ ಇದರ ರೆಕ್ಕೆ 40.4 ಮೀಟರ್. ಭಾರತೀಯ ವಾಯುಪಡೆಗೆ ಸಿ-130ಜೆ 2011ರಲ್ಲಿ ಬಂತು. 2013ರ ಆಗಸ್ಟ್ 20ರಂದು ಲಡಾಖ್‌ನ ದೌಲತ್ ಬೇಗ್ ಓಲ್ಡಿಯ 16,614 ಅಡಿ ಎತ್ತರದ ಕಚ್ಚಾ ಓಟದಾರಿಯಲ್ಲಿ ಇಳಿದು ಹೆಸರಾಯಿತು. ಬಾಗದ ನೇರ ರೆಕ್ಕೆ, ಒಡಲಿನ ಮೇಲೆ ಕೂತ ರೆಕ್ಕೆ, ದೊಡ್ಡ ಬಾಲ – ಮಾದರಿಗೆ ಇವೆಲ್ಲ ಅನುಕೂಲ. ಮೊದಲ ಬಾರಿಗೆ ದೊಡ್ಡ ಸರಕು ವಿಮಾನ ಕಟ್ಟುವವರು ಇದನ್ನು ಬಿಟ್ಟು ಬೇರೆಯದಕ್ಕೆ ಹೋಗುವ ಅಗತ್ಯವಿಲ್ಲ.

1984ರಿಂದ ವಾಯುಪಡೆಯಲ್ಲಿರುವ ಆನ್-32 ನಮ್ಮ ಜನಕ್ಕೆ ಹೆಚ್ಚು ಪರಿಚಿತ. ಎರಡೇ ಮೋಟಾರು ಸಾಕಾಗುವುದರಿಂದ ಖರ್ಚೂ ಕಡಿಮೆ. ಆದರೆ ಬಿಸಿ ಮತ್ತು ಎತ್ತರದ ನೆಲಕ್ಕೆಂದು ದೊಡ್ಡ ಪ್ರೊಪೆಲರ್ ಹಾಕಲು ಅದರ ಎಂಜಿನ್‌ಗಳನ್ನು ರೆಕ್ಕೆಯ ಮೇಲೆ ಎತ್ತಿ ಕೂರಿಸಿದ್ದಾರೆ. ಎಳೆತ ಮೇಲಿನಿಂದ ಬರುವ ಕಾರಣ ಥ್ರಾಟಲ್ ಕೊಟ್ಟಾಗ ಮೂಗು ಕೆಳಗೆ ಬಾಗುತ್ತದೆ, ತೆಗೆದಾಗ ಏಳುತ್ತದೆ. ಟ್ರಾನ್ಸ್‌ಮಿಟರ್‌ನಲ್ಲಿ ಥ್ರಾಟಲ್ ಜೊತೆ, ಮೂಗನ್ನು ಎತ್ತಿಳಿಸುವ ಎಲಿವೇಟರ್ ಬೆಸೆದು ಇದನ್ನು ಸರಿದೂಗಿಸಬೇಕು. ಏರ್‌ಬಸ್ ಸಿ-295 ಹೊಸ ಆಕರ್ಷಣೆ: 56 ವಿಮಾನಗಳಿಗೆ 2021ರ ಸೆಪ್ಟೆಂಬರ್‌ನಲ್ಲಿ ಒಪ್ಪಂದವಾಗಿ, 40 ವಿಮಾನಗಳನ್ನು ವಡೋದರದಲ್ಲಿ ಕಟ್ಟುವ ಏರ್ಪಾಡಾಗಿದೆ. ಅದರ 25.81 ಮೀಟರ್ ರೆಕ್ಕೆ 1:10 ಪ್ರಮಾಣಕ್ಕೆ ಲೆಕ್ಕ ಮಾಡಿದಂತೆ ಕೂರುತ್ತದೆ. ಸಿ-17 ಗ್ಲೋಬ್‌ಮಾಸ್ಟರ್ ಮಾತ್ರ ಅನುಭವಿಗಳ ಪಾಲಿನದು. ಹಿಂದಕ್ಕೆ ಬಾಗಿದ ರೆಕ್ಕೆ ತುದಿಯಿಂದ ಎತ್ತುವ ಬಲ ಕಳೆದುಕೊಳ್ಳುತ್ತದೆ. ಬಾಲದ ತುತ್ತತುದಿಯಲ್ಲಿರುವ ಎಲಿವೇಟರ್, ವಿಮಾನ ಅತಿಯಾಗಿ ಮೂಗೆತ್ತಿದಾಗ ರೆಕ್ಕೆಯ ಕಲಕಿದ ಗಾಳಿಯಲ್ಲಿ ಸಿಕ್ಕಿ ಕೆಲಸಕ್ಕೆ ಬಾರದಾಗುತ್ತದೆ.

ಕಿರಿದಾಗಿಸುವ ಲೆಕ್ಕ

ಉದ್ದವನ್ನು 16ರಲ್ಲಿ ಒಂದು ಪಾಲು ಮಾಡಿದರೆ ರೆಕ್ಕೆಯ ವಿಸ್ತೀರ್ಣ 256ರಲ್ಲಿ ಒಂದಾಗುತ್ತದೆ, ತೂಕ 4,096ರಲ್ಲಿ ಒಂದಾಗಬೇಕಾಗುತ್ತದೆ. 1:16ರ ಹರ್ಕ್ಯುಲಿಸ್‌ಗೆ 2.53 ಮೀಟರ್ ರೆಕ್ಕೆ, 0.63 ಚದರ ಮೀಟರ್ ವಿಸ್ತೀರ್ಣ. ಸುಮಾರು 70 ಟನ್‌ನ ಅಸಲು ವಿಮಾನದ ತೂಕ ಈ ಲೆಕ್ಕದಲ್ಲಿ 17 ಕೆ.ಜಿ. ಆಗುತ್ತದೆ. ಅಷ್ಟು ತೂಕವಿದ್ದರೆ ಹಾರಾಟ ಅಸಲಿನಂತೆಯೇ ಕಾಣುತ್ತದೆ, ಆದರೆ ಇಳಿಸುವ ವೇಗ ಕೈಮೀರುತ್ತದೆ. 7ರಿಂದ 8 ಕೆ.ಜಿ.ಗೆ ಕಟ್ಟುವುದು ಜಾಣತನ.

ವೇಗದ ಲೆಕ್ಕ ಬೇರೆ. 1:16ರಲ್ಲಿ ವೇಗ ನಾಲ್ಕರಲ್ಲಿ ಒಂದಾದರೆ ನೋಟ ಸಹಜ. ಗಂಟೆಗೆ 200 ಕಿ.ಮೀ. ಸುಮಾರಿಗೆ ಇಳಿಯುವ ವಿಮಾನದ ಮಾದರಿ 50 ಕಿ.ಮೀ.ನಲ್ಲಿ ಇಳಿಯಬೇಕು. ಗಾಳಿ ಮಾತ್ರ ಯಾರಿಗಾಗಿಯೂ ಕಿರಿದಾಗುವುದಿಲ್ಲ. ನಮಗೆ ಹಿತವೆನಿಸುವ 20 ಕಿ.ಮೀ. ಗಾಳಿ ಈ ಮಾದರಿಯ ಪಾಲಿಗೆ, ಅಸಲು ವಿಮಾನಕ್ಕೆ 80 ಕಿ.ಮೀ. ಬಿರುಗಾಳಿ ಹೇಗೋ ಹಾಗೆ. ದೊಡ್ಡ ಮಾದರಿ ಗಾಳಿಗೆ ಜಗ್ಗುವುದಿಲ್ಲ ಎಂಬ ಮಾತನ್ನು ಬಯಲಿನಲ್ಲಿ ಆಗಾಗ ಕೇಳುತ್ತೇವೆ. ಚಿಕ್ಕದಕ್ಕಿಂತ ಕಡಿಮೆ ಜಗ್ಗುತ್ತದೆ ಅಷ್ಟೇ.

ಒಡಲು ಮತ್ತು ರೆಕ್ಕೆ

ಬಾಲ್ಸಾ ಮತ್ತು ತೆಳು ಪ್ಲೈವುಡ್ ಸಾಂಪ್ರದಾಯಿಕ ಸಾಮಗ್ರಿ. ಕಾರ್ಖಾನೆಯಲ್ಲಿ ಅಚ್ಚುಹಾಕಿದ ಇಪಿಒ ಫೋಮ್ ಕಿಟ್‌ಗಳು ವಿದೇಶಗಳಲ್ಲಿ ಸುಲಭವಾಗಿ ಸಿಗುತ್ತವೆ. ಭಾರತದಲ್ಲಿ 2022ರ ಫೆಬ್ರುವರಿಯಿಂದ ಡ್ರೋನ್‌ಗಳ ಆಮದಿಗೆ ನಿರ್ಬಂಧವಿದೆ, ಬಿಡಿಭಾಗಗಳಿಗೆ ಇಲ್ಲ. ಹೀಗಾಗಿ ಸ್ವತಃ ಕಟ್ಟುವವರ ಸಂಖ್ಯೆಯೇ ಇಲ್ಲಿ ಹೆಚ್ಚು. ಥರ್ಮಕೋಲ್ ದಿಮ್ಮಿಯನ್ನು ಬಿಸಿ ನಿಕ್ರೋಮ್ ತಂತಿಯಿಂದ ರೆಕ್ಕೆಯ ಆಕಾರಕ್ಕೆ ಕೊಯ್ದು, ಒಳಗೆ ಕಾರ್ಬನ್ ಫೈಬರ್ ಕೊಳವೆ ಹಾಯಿಸಿ, ಮೇಲೆ ತೆಳುವಾದ ಗ್ಲಾಸ್ ಬಟ್ಟೆಯನ್ನು ಎಪಾಕ್ಸಿಯಿಂದ ಅಂಟಿಸುವ ವಿಧಾನ ನಮ್ಮ ಕಿಸೆಗೂ ಹವೆಗೂ ಒಗ್ಗುತ್ತದೆ. ಥರ್ಮಕೋಲ್ ಮೇಲೆ ಪಾಲಿಯೆಸ್ಟರ್ ರೆಸಿನ್ ಸುರಿದರೆ ಅದು ಕರಗಿಹೋಗುತ್ತದೆ, ಎಪಾಕ್ಸಿಯೇ ಆಗಬೇಕು.

ಕಲಬುರಗಿ ಜಿಲ್ಲೆಯಂಥ ಬಿಸಿಲುನಾಡಿನಲ್ಲಿ ಇನ್ನೊಂದು ಎಚ್ಚರ ಬೇಕು. 3ಡಿ ಪ್ರಿಂಟರಿನಿಂದ ತೆಗೆಯುವ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ. ಏಪ್ರಿಲ್ ಮಧ್ಯಾಹ್ನ ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗೆ ಆ ಬಿಸಿ ಬರಲು ಹೆಚ್ಚು ಹೊತ್ತು ಬೇಡ. ಮೋಟಾರು ಕೂರಿಸುವ ಚೌಕಟ್ಟನ್ನು ಪಿಎಲ್‌ಎಯಲ್ಲಿ ಮಾಡಿದರೆ ಕಣ್ಣಿಗೆ ಕಾಣದಷ್ಟು ಸೊಟ್ಟಗಾದ ಮೋಟಾರು ವಿಮಾನವನ್ನು ಒಂದೇ ಕಡೆ ಎಳೆಯತೊಡಗುತ್ತದೆ. ಎಂಜಿನ್ ಗೂಡಿನ ಗೋಡೆಗೆ ಪ್ಲೈವುಡ್ಡೇ ಸರಿ.

ಚಕ್ರಗಳ ವಿಚಾರದಲ್ಲಿ ಸರಕು ವಿಮಾನಕ್ಕೊಂದು ಹುಟ್ಟುಗುಣವಿದೆ. ಅದರ ಮುಖ್ಯ ಚಕ್ರಗಳು ರೆಕ್ಕೆಯಿಂದ ಇಳಿಯದೆ ಒಡಲಿನ ಎರಡೂ ಬದಿಯ ಉಬ್ಬಿನಿಂದ ಇಳಿಯುತ್ತವೆ. ಎಡಬಲ ಚಕ್ರಗಳ ನಡುವಿನ ಅಂತರ ಕಿರಿದು, ರೆಕ್ಕೆ ಉದ್ದ, ಅದೂ ಎತ್ತರದಲ್ಲಿ. ಅಡ್ಡಗಾಳಿ ಒಂದು ರೆಕ್ಕೆಯಡಿ ನುಗ್ಗಿದರೆ ನೆಲದ ಮೇಲೆಯೇ ವಾಲುತ್ತದೆ. ಪ್ರಮಾಣಕ್ಕಿಂತ ತುಸು ದೊಡ್ಡ, ಮೆತ್ತನೆಯ ಚಕ್ರ ಹಾಕುವುದರಲ್ಲಿ ನಾಚಿಕೆಪಡಬೇಕಾದ್ದಿಲ್ಲ. ಮೂಗಿನ ಚಕ್ರ ತಿರುಗುವ ಕೋನವನ್ನು ಕಡಿಮೆ ಇಡಬೇಕು. ಓಟದ ವೇಗದಲ್ಲಿ ಅದು ಹತ್ತು ಡಿಗ್ರಿ ತಿರುಗಿದರೂ ವಿಮಾನ ಪಕ್ಕಕ್ಕೆ ಉರುಳೀತು.

ವಿದ್ಯುತ್ತು ಮತ್ತು ರೇಡಿಯೊ

7 ಕೆ.ಜಿ. ಮಾದರಿಗೆ ಕಿಲೋಗೆ 200 ವಾಟ್‌ನಂತೆ 1,400 ವಾಟ್ ಸಾಕು. ನಾಲ್ಕು ಮೋಟಾರಿಗೆ ಹಂಚಿದರೆ ತಲಾ 350. ಅಸಲು ಹರ್ಕ್ಯುಲಿಸ್‌ನ 4.1 ಮೀಟರ್ ಪ್ರೊಪೆಲರ್ 1:16ರಲ್ಲಿ 10 ಅಂಗುಲಕ್ಕೆ ಬರುತ್ತದೆ. ಅಂಗಡಿಯಲ್ಲಿ ಸಿಗುವ 10x7 ಪ್ರೊಪೆಲರ್, 850 ಕೆವಿ (ವೋಲ್ಟಿಗೆ ನಿಮಿಷಕ್ಕೆ 850 ಸುತ್ತು) ಆಸುಪಾಸಿನ ಮೋಟಾರು, ನಾಲ್ಕು ಸೆಲ್ಲಿನ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ – ಈ ಜೋಡಿ ಹೊಂದುತ್ತದೆ. ಪೂರ್ತಿ ಥ್ರಾಟಲ್‌ನಲ್ಲಿ ಪ್ರತಿ ಮೋಟಾರು 24 ಆಂಪಿಯರ್ ಸುತ್ತಮುತ್ತ ಎಳೆಯುತ್ತದೆ. ಮೋಟಾರಿನ ವೇಗ ನಿಯಂತ್ರಿಸುವ ಇಎಸ್‌ಸಿಯನ್ನು 40 ಆಂಪಿಯರಿನದು ಹಾಕಿದರೆ ಬೇಸಗೆಯಲ್ಲೂ ತಣ್ಣಗಿರುತ್ತದೆ. ಕಾಗದದ ಲೆಕ್ಕವನ್ನು ನಂಬದೆ ಒಂದೊಂದೇ ಮೋಟಾರನ್ನು ವಾಟ್‌ಮೀಟರಿಗೆ ಹಚ್ಚಿ ನೋಡಬೇಕು. ನಾಲ್ಕರಲ್ಲಿ ಒಂದು 3–4 ಆಂಪಿಯರ್ ಹೆಚ್ಚು ಎಳೆದರೆ ಅದರ ಬೇರಿಂಗೋ ಬೆಸುಗೆಯೋ ಪ್ರೊಪೆಲರೋ ಕೆಟ್ಟಿದೆ ಎಂದರ್ಥ.

ನಾಲ್ಕೂ ಇಎಸ್‌ಸಿಗೆ ಥ್ರಾಟಲ್‌ನ ಕೆಳಗಿನ ಮೇಲಿನ ಮಿತಿಗಳನ್ನು ಒಂದೇ ಸಮನೆ ಕಲಿಸಬೇಕು. ಬ್ಯಾಟರಿ ಇಳಿದಾಗ ಮೋಟಾರನ್ನು ತಟ್ಟನೆ ನಿಲ್ಲಿಸುವ ಏರ್ಪಾಡನ್ನು ತೆಗೆದು, ನಿಧಾನವಾಗಿ ಶಕ್ತಿ ತಗ್ಗಿಸುವ ಏರ್ಪಾಡಿಗೆ ಬದಲಿಸಬೇಕು. ಹೊರತುದಿಯ ಒಂದು ಮೋಟಾರು ಮಾತ್ರ ಫಕ್ಕನೆ ನಿಂತರೆ ವಿಮಾನ ಆ ಕಡೆಗೆ ತಿರುಗಿ ಮಗುಚಿಕೊಳ್ಳುತ್ತದೆ. ಇದೇ ಕಾರಣಕ್ಕೆ ಎರಡು ಬ್ಯಾಟರಿ ಇಟ್ಟಾಗ ಎಡಗಡೆಯ ಎರಡು ಮೋಟಾರಿಗೆ ಒಂದು, ಬಲಗಡೆಗೆ ಇನ್ನೊಂದು ಎಂದು ಹಂಚುವುದು ದೊಡ್ಡ ತಪ್ಪು. ಎರಡನ್ನೂ ಸಮಾನಾಂತರವಾಗಿ ಕೂಡಿಸಬೇಕು. ಇಲ್ಲವೇ ಒಳಗಿನ ಜೋಡಿಗೆ ಒಂದು, ಹೊರಗಿನ ಜೋಡಿಗೆ ಒಂದು ಕೊಡಬೇಕು. ಆಗ ಒಂದು ಬ್ಯಾಟರಿ ಸತ್ತರೂ ಎಳೆತ ಸಮವಾಗಿ ಉಳಿಯುತ್ತದೆ.

ರೆಕ್ಕೆ ಉದ್ದವಿರುವುದರಿಂದ ತಂತಿಯೂ ಉದ್ದ. ಬ್ಯಾಟರಿಯಿಂದ ಇಎಸ್‌ಸಿಗೆ ಹೋಗುವ ತಂತಿ ಬಹಳ ಉದ್ದವಾದರೆ ಅದರಲ್ಲಿ ಏಳುವ ವೋಲ್ಟೇಜ್ ಏರಿಳಿತ ಇಎಸ್‌ಸಿಯ ಕೆಪಾಸಿಟರುಗಳನ್ನು ಸುಡುತ್ತದೆ. ಇಎಸ್‌ಸಿಗಳನ್ನು ಒಡಲಿನ ಹತ್ತಿರ ಇಟ್ಟು, ಮೋಟಾರಿಗೆ ಹೋಗುವ ಮೂರು ತಂತಿಗಳನ್ನು ಉದ್ದ ಮಾಡುವುದು ಲೇಸು. ಇಎಸ್‌ಸಿಗಳನ್ನು ಗಾಳಿ ತಾಕದ ಮೂಲೆಗೆ ತುರುಕಬಾರದು.

ರಿಸೀವರ್ ಮತ್ತು ಹಾರಾಟದ ಫಲಕಗಳನ್ನು ಆಡಿಸುವ ಸರ್ವೊಗಳ ಊಟ ಬೇರೆ ಇರಬೇಕು. ಏಲೆರಾನ್‌ಗೆ ಎರಡು, ಫ್ಲ್ಯಾಪ್‌ಗೆ ಎರಡು ಅಥವಾ ನಾಲ್ಕು, ಎಲಿವೇಟರ್‌ಗೆ ಎರಡು, ರಡ್ಡರ್, ಮೂಗಿನ ಚಕ್ರ, ಹಿಂಬಾಗಿಲು ಹೀಗೆ ಸರ್ವೊಗಳೇ ಹತ್ತು ಮುಟ್ಟುತ್ತವೆ. ಇವಕ್ಕೆ ವಿದ್ಯುತ್ ಕೊಡುವ, ಇಎಸ್‌ಸಿಯೊಳಗಿನ ಚಿಕ್ಕ ಬಿಇಸಿಗೆ ಈ ಹೊರೆ ಹೆಚ್ಚಾಯಿತು. ಪ್ರತ್ಯೇಕ ಬ್ಯಾಟರಿಯಿಂದ ನಡೆಯುವ 10 ಆಂಪಿಯರಿನ ಬಿಇಸಿ ಹಾಕಿ, ನಾಲ್ಕೂ ಇಎಸ್‌ಸಿಗಳ ಕೆಂಪು ತಂತಿಯನ್ನು ಬಿಡಿಸಿಡಬೇಕು. ಎಲಿವೇಟರಿನ ಎರಡು ಭಾಗಕ್ಕೆ ಎರಡು ಸರ್ವೊ ಇದ್ದರೆ ಒಂದು ಕೈಕೊಟ್ಟರೂ ವಿಮಾನ ನೆಲಕ್ಕೆ ಬರುವಷ್ಟು ಹಿಡಿತ ಉಳಿಯುತ್ತದೆ.

ಟ್ರಾನ್ಸ್‌ಮಿಟರ್ ಆರಿಸಿ ನೋಡುವ ಪರೀಕ್ಷೆಯನ್ನು ಎಷ್ಟೋ ಜನ ಮಾಡುವುದಿಲ್ಲ. ಪ್ರೊಪೆಲರ್ ಬಿಚ್ಚಿ, ಮೋಟಾರನ್ನು ಅರ್ಧ ಥ್ರಾಟಲ್‌ಗೆ ಓಡಿಸಿ, ಟ್ರಾನ್ಸ್‌ಮಿಟರ್ ಆರಿಸಬೇಕು. ನಾಲ್ಕೂ ಮೋಟಾರು ನಿಲ್ಲಬೇಕು. ಒಂದು ನಿಲ್ಲದಿದ್ದರೂ ಆ ದಿನ ಹಾರಾಟವಿಲ್ಲ. ಗೈರೊ ಹಾಕಿದ್ದರೆ ವಿಮಾನದ ಮೂಗನ್ನು ಕೈಯಿಂದ ಎತ್ತಿ ಎಲಿವೇಟರ್ ಕೆಳಗೆ ಹೋಗುತ್ತದೆಯೇ ನೋಡಬೇಕು. ತಲೆಕೆಳಗಾದ ಗೈರೊ ಇದ್ದರೆ ವಿಮಾನ ನೆಲ ಬಿಟ್ಟ ಮೊದಲ ಕ್ಷಣದಲ್ಲೇ ಮುಗಿಯಿತು.

ತೂಕ ಕೂರಿಸುವುದು

ನೇರ ರೆಕ್ಕೆಯ ಹರ್ಕ್ಯುಲಿಸ್, ಸಿ-295 ಮಾದರಿಗಳ ಗುರುತ್ವ ಕೇಂದ್ರ ರೆಕ್ಕೆಯ ಸರಾಸರಿ ಅಗಲದ ಮುಂತುದಿಯಿಂದ ನೂರಕ್ಕೆ 25ರಿಂದ 30ರಷ್ಟು ಹಿಂದಕ್ಕಿರಬೇಕು. ಮೊದಲ ಹಾರಾಟಕ್ಕೆ 25ರ ಕಡೆಗೇ ಇಡುವುದು ಕ್ಷೇಮ. ಸಿ-17ರಂಥ ಬಾಗಿದ ರೆಕ್ಕೆಯಲ್ಲಿ ಈ ಸರಾಸರಿ ಅಗಲ ಎಲ್ಲಿ ಬರುತ್ತದೆಂದು ಬರೆದು ಲೆಕ್ಕ ಹಾಕಲೇಬೇಕು. ರೆಕ್ಕೆಯ ಬುಡದಿಂದ ಅಳೆದರೆ ಪೂರ್ತಿ ತಪ್ಪಾಗುತ್ತದೆ.

ಸರಕು ವಿಮಾನದ ಬಾಲ ದೊಡ್ಡದು, ಎತ್ತರದ್ದು. ಬಾಲದಲ್ಲಿ ಸೇರಿದ 50 ಗ್ರಾಂ ಬಣ್ಣಕ್ಕೆ ಮೂಗಿನಲ್ಲಿ ಅದಕ್ಕಿಂತ ಹೆಚ್ಚು ಸೀಸ ಕಟ್ಟಬೇಕಾಗುತ್ತದೆ. ಹಿಂದೆ ಹೇರು ಹೆಚ್ಚಾದ ಬಂಡಿಯ ಮೂಕಿ ಮೇಲಕ್ಕೆದ್ದರೆ ಎತ್ತುಗಳ ಪಾಡು ಏನಾಗುತ್ತದೆಂದು ರೈತರಿಗೆ ಗೊತ್ತು. ಬಾಲಭಾರದ ವಿಮಾನದ ಪಾಡೂ ಅದೇ. ಮೂಗು ಭಾರವಾದ ವಿಮಾನ ಸೊಗಸಾಗಿ ಹಾರುವುದಿಲ್ಲ, ಆದರೂ ಮನೆಗೆ ಮರಳುತ್ತದೆ. ಬಾಲ ಭಾರವಾದದ್ದು ಮರಳುವುದು ಕಷ್ಟ. ಬ್ಯಾಟರಿ, ಚಕ್ರ, ಕೊನೆಯ ಸ್ಟಿಕ್ಕರ್ ತನಕ ಎಲ್ಲವೂ ಏರಿದ ಮೇಲೆ, ಗಾಳಿಯಿಲ್ಲದ ಕೋಣೆಯಲ್ಲಿ ಇಬ್ಬರು ಎರಡು ರೆಕ್ಕೆಗಳಡಿ ಬೆರಳಿಟ್ಟು ಎತ್ತಿ ನೋಡಬೇಕು. ಮೂಗು ಕೂದಲೆಳೆಯಷ್ಟು ಕೆಳಗಿದ್ದರೆ ಸಾಕು. ಎಡಬಲದ ಸಮತೋಲವನ್ನೂ ನೋಡಬೇಕು.

ಗಾಣಗಾಪುರ ಸೀಮೆಯ ಬಯಲು

ಕಲಬುರಗಿ ಜಿಲ್ಲೆ ಅಫಜಲಪುರ ತಾಲ್ಲೂಕಿನ ಗಾಣಗಾಪುರ ಭೀಮಾ ಮತ್ತು ಅಮರ್ಜಾ ನದಿಗಳ ಸಂಗಮದ ಬಳಿಯ ದತ್ತಕ್ಷೇತ್ರ. ನೃಸಿಂಹ ಸರಸ್ವತಿಗಳ ನಿರ್ಗುಣ ಪಾದುಕೆಯ ಮಠಕ್ಕೆ ಕರ್ನಾಟಕ, ಮಹಾರಾಷ್ಟ್ರಗಳಿಂದ ಜನ ಬರುತ್ತಲೇ ಇರುತ್ತಾರೆ. ಆಳಂದ, ಅಫಜಲಪುರ, ಜೇವರ್ಗಿಗಳ ಈ ನೆಲ ಬಹುಪಾಲು ಸಮತಟ್ಟು, ಮರ ವಿರಳ, ದೃಷ್ಟಿ ಹರಿಯುವವರೆಗೆ ಎರಿ ಹೊಲ. ದೊಡ್ಡ ಮಾದರಿಗೆ ಬೇಕಾದ ವಿಶಾಲ ಆಕಾಶ ಇಲ್ಲಿ ಧಾರಾಳವಾಗಿದೆ. ಬೆಂಗಳೂರಿನ ಹವ್ಯಾಸಿಗಳು ನಗರದ ಅಂಚಿಗೆ, ಅಲ್ಲಿಂದಲೂ ಆಚೆಗೆ ಸರಿಯಬೇಕಾದ ಕಾಲದಲ್ಲಿ ಇದು ಸಣ್ಣ ಭಾಗ್ಯವಲ್ಲ.

ನೆಲದ ಗುಣ ಮಾತ್ರ ಅರಿತು ನಡೆಯಬೇಕಾದದ್ದು. ಮಳೆಯಲ್ಲಿ ಎರಿ ಮಣ್ಣು ಚಕ್ರಕ್ಕೆ ಮೆತ್ತಿ ಗುಂಡಾಗುತ್ತದೆ. ಹಿಂಗಾರಿನಲ್ಲಿ ಬಿಳಿಜೋಳ ಎದೆಯೆತ್ತರ ನಿಂತಿರುತ್ತದೆ. ಫೆಬ್ರುವರಿ–ಮಾರ್ಚಿನಲ್ಲಿ ಕೊಯ್ಲಾಗಿ ಹೊಲ ಖಾಲಿಯಾದಾಗ ಬಿಸಿಲಿಗೆ ನೆಲ ಬಿರುಕು ಬಿಡುತ್ತದೆ, 10 ಸೆಂ.ಮೀ. ಚಕ್ರ ಆ ಬಿರುಕಿನಲ್ಲಿ ಇಳಿದರೆ ಮೂಗಿನ ಕಾಲು ಬುಡಸಮೇತ ಕಿತ್ತುಬರುತ್ತದೆ. ತೊಗರಿ ಕೊಯ್ದ ಹೊಲದಲ್ಲಿ ಉಳಿದ ಕೂಳೆ ಒಣಗಿ ಮೊಳೆಯಂತಾಗಿ ಫೋಮಿನ ಹೊಟ್ಟೆಯನ್ನು ಸೀಳುತ್ತದೆ. ಆದ್ದರಿಂದ ಉಳುವ ಹೊಲವನ್ನು ಬಿಟ್ಟು ಗರಸು ನೆಲವನ್ನು ಹುಡುಕಬೇಕು. ಒಡೆಯರ ಒಪ್ಪಿಗೆ ಪಡೆದು 100 ಮೀಟರ್ ಉದ್ದ, 12–15 ಮೀಟರ್ ಅಗಲದ ಪಟ್ಟಿಯನ್ನು ಕಲ್ಲು ಆಯ್ದು, ನೀರು ಹೊಡೆದು, ರೋಲರ್ ಉರುಳಿಸಿ ಸಿದ್ಧಮಾಡಿದರೆ ವರ್ಷವಿಡೀ ಬಾಳುತ್ತದೆ.

ಮುಂಗಾರಿನ ತಿಂಗಳುಗಳಲ್ಲಿ ಪಶ್ಚಿಮದ ಗಾಳಿ ಇಲ್ಲಿ ಜೋರು. ಪಟ್ಟಿ ಪೂರ್ವ–ಪಶ್ಚಿಮಕ್ಕೆ ಇರಲಿ. ಹಾರಿಸುವವರು ಅದರ ದಕ್ಷಿಣದ ಅಂಚಿನಲ್ಲಿ ಉತ್ತರಕ್ಕೆ ಮುಖಮಾಡಿ ನಿಲ್ಲಲಿ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುವುದರಿಂದ ಬಿಸಿಲು ಬೆನ್ನಿಗೆ ಬೀಳುತ್ತದೆ, ಕಣ್ಣಿಗೆ ಕುಕ್ಕುವುದಿಲ್ಲ. ನವೆಂಬರಿನಿಂದ ಫೆಬ್ರುವರಿವರೆಗೆ, ಸೂರ್ಯೋದಯದಿಂದ ಸುಮಾರು ಒಂಬತ್ತು ಗಂಟೆಯ ತನಕ, ಈ ಸೀಮೆಯ ಗಾಳಿ ಹೆಚ್ಚಾಗಿ ಶಾಂತ. ದೊಡ್ಡ ಮಾದರಿಯ ಮೊದಲ ಹಾರಾಟಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತು ಕರ್ನಾಟಕದಲ್ಲಿ ಸಿಗುವುದು ಅಪರೂಪ.

ಬೇಸಗೆಯ ಲೆಕ್ಕ ಬೇರೆ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ. 40 ಡಿಗ್ರಿ ಬಿಸಿಲಿಗೆ ಅಲ್ಲಿನ ಗಾಳಿ, ಸಮುದ್ರಮಟ್ಟದ 15 ಡಿಗ್ರಿ ಗಾಳಿಗಿಂತ ನೂರಕ್ಕೆ ಹದಿಮೂರರಷ್ಟು ತೆಳು. ಮೇಲಿನ 7 ಕೆ.ಜಿ. ಮಾದರಿ ತಂಪು ಗಾಳಿಯಲ್ಲಿ ಗಂಟೆಗೆ 42 ಕಿ.ಮೀ.ಗೆ ಸ್ಟಾಲ್ ಆಗುವುದಾದರೆ, ಅಂದರೆ ಎತ್ತುವ ಬಲ ಕಳೆದುಕೊಳ್ಳುವುದಾದರೆ, ಇಲ್ಲಿ 45ಕ್ಕೇ ಆಗುತ್ತದೆ. ಪ್ರೊಪೆಲರಿನ ಎಳೆತವೂ ಅದೇ ಅನುಪಾತದಲ್ಲಿ ಇಳಿಯುತ್ತದೆ, ಓಟ ಉದ್ದವಾಗುತ್ತದೆ. ಜೊತೆಗೆ ಬೆಂಕಿಯ ಭಯ. ಬಿದ್ದು ಜಜ್ಜಿದ ಲಿಪೊ ಬ್ಯಾಟರಿ ಕೆಲವು ನಿಮಿಷ ಬಿಟ್ಟೂ ಹೊತ್ತಿಕೊಳ್ಳಬಹುದು. ಕಣಿಕೆ ಬಣವೆಗಳಿರುವ ಹೊಲಗಳ ನಡುವೆ ಹಾರಿಸುವವರು ಮರಳಿನ ಬಕೆಟ್ಟು, ನೀರಿನ ಕ್ಯಾನು ಇಲ್ಲದೆ ಬಯಲಿಗೆ ಕಾಲಿಡಬಾರದು. ಒಬ್ಬ ರೈತರ ವರ್ಷದ ಮೇವು ಯಾವ ಹವ್ಯಾಸಕ್ಕಿಂತಲೂ ದೊಡ್ಡದು.

ಕಾಯಿದೆಯ ಪ್ರಕಾರ ರೇಡಿಯೊ ನಿಯಂತ್ರಿತ ಮಾದರಿ ವಿಮಾನ 2021ರ ಡ್ರೋನ್ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಕಣ್ಣಳತೆಯಲ್ಲಿ, ಮನರಂಜನೆ ಅಥವಾ ಕಲಿಕೆಗಾಗಿ ಹಾರಿಸುವ 25 ಕೆ.ಜಿ.ವರೆಗಿನ ಮಾದರಿಗಳಿಗೆ ತಯಾರಿಕೆಯ ಮಾದರಿ ಪ್ರಮಾಣಪತ್ರದಿಂದ ವಿನಾಯಿತಿ ಇದೆ. ಉಳಿದ ಹೊಣೆಗಳಿಗೆ ವಿನಾಯಿತಿ ಇದೆಯೆಂದು ಭಾವಿಸಬಾರದು. ವಾಣಿಜ್ಯೇತರ ಹಾರಾಟದಲ್ಲಿ 2 ಕೆ.ಜಿ.ವರೆಗೆ ಚಾಲಕರ ಪ್ರಮಾಣಪತ್ರ ಬೇಡ. ದೊಡ್ಡ ಸರಕು ವಿಮಾನ ಆ ತೂಕವನ್ನು ಮೀರುತ್ತದೆ. ನೋಂದಣಿ, ಮೂರನೆಯವರ ವಿಮೆ ಮಾಡಿಸಿಕೊಂಡೇ ಹಾರಬೇಕು. ಹಸಿರು ವಲಯದಲ್ಲಿ 400 ಅಡಿ, ಅಂದರೆ 120 ಮೀಟರ್ ಎತ್ತರದವರೆಗೆ ಮುನ್ನನುಮತಿ ಬೇಕಿಲ್ಲ. ಶ್ರೀನಿವಾಸ ಸರಡಗಿಯಲ್ಲಿ 2019ರ ನವೆಂಬರ್ 22ರಂದು ಆರಂಭವಾದ ಕಲಬುರಗಿ ವಿಮಾನ ನಿಲ್ದಾಣದ 12 ಕಿ.ಮೀ. ವ್ಯಾಪ್ತಿಯ ಆಚೆಗೆ ಗಾಣಗಾಪುರ ಇದ್ದರೂ ಹಾರಾಟದ ದಿನ ಸರಕಾರದ ಡಿಜಿಟಲ್ ಸ್ಕೈ ವಾಯುವಲಯ ನಕ್ಷೆಯನ್ನು ನೋಡಬೇಕು. ದತ್ತ ಜಯಂತಿ, ಹುಣ್ಣಿಮೆಗಳಂದು ಊರಿಗೆ ಬರುವ ಜನಸಾಗರದ ಮೇಲಾಗಲಿ, ಸಂಗಮದಲ್ಲಿ ಮೀಯುವವರ ಮೇಲಾಗಲಿ, ಮಠದ ಸುತ್ತಲಾಗಲಿ ಹಾರಿಸುವ ಮಾತೇ ಇಲ್ಲ.

ಏರಿಕೆ, ಸುತ್ತು, ಇಳಿಕೆ

ಹಾರಿಸುವವರೊಬ್ಬರು, ಪಕ್ಕದಲ್ಲಿ ಆಕಾಶ ಮತ್ತು ನೆಲ ನೋಡಿ ಹೇಳುವವರೊಬ್ಬರು – ಇಬ್ಬರಿಲ್ಲದೆ ದೊಡ್ಡ ಮಾದರಿ ಏಳಬಾರದು. ಫ್ಲ್ಯಾಪ್ 15 ಡಿಗ್ರಿ ಇಳಿಸಿ, ಥ್ರಾಟಲ್ ಮೂರನೇ ಒಂದಕ್ಕೆ ತಂದು ವಿಮಾನ ನೇರ ಉರುಳುತ್ತಿದೆಯೇ ನೋಡಿ, ಆಮೇಲೆ ಮೆಲ್ಲಗೆ ಏರಿಸಬೇಕು. ಚಕ್ರ ನೆಲ ಬಿಟ್ಟಮೇಲೆ ಎಲಿವೇಟರ್ ಹಿಡಿದೆಳೆಯುವ ಆಸೆಯನ್ನು ತಡೆಯಬೇಕು. ಸರಕು ವಿಮಾನ ತಗ್ಗು ಕೋನದಲ್ಲೇ ಏರುತ್ತದೆ. ಅಸಲಿನ ನೋಟವೂ ಅದೇ, ಕ್ಷೇಮವೂ ಅದೇ.

100 ಮೀಟರ್ ಎತ್ತರ ತಲುಪಿ ಟ್ರಿಮ್ ಸರಿಪಡಿಸಿದ ಮೇಲೆ ಮೊದಲು ಮಾಡಬೇಕಾದದ್ದು ಫ್ಲ್ಯಾಪ್ ಪರೀಕ್ಷೆ. ಮೇಲಿನ ರೆಕ್ಕೆಯ ವಿಮಾನದಲ್ಲಿ ಫ್ಲ್ಯಾಪ್ ಇಳಿದಾಗ ಮೂಗು ಏಳುತ್ತದೆ. ಮೂರು ನಾಲ್ಕು ಸೆಕೆಂಡಿನಲ್ಲಿ ನಿಧಾನವಾಗಿ ಇಳಿಯುವಂತೆ ಫ್ಲ್ಯಾಪ್ ಹೊಂದಿಸಿ, ಎಷ್ಟು ಎಲಿವೇಟರ್ ಕೆಳಗೆ ಬೇಕೆಂದು ಅಲ್ಲಿಯೇ ಕಂಡುಕೊಳ್ಳಬೇಕು. ನಂತರ ಥ್ರಾಟಲ್ ತಗ್ಗಿಸಿ ಸ್ಟಾಲ್ ಹೇಗೆ ಬರುತ್ತದೆ, ಯಾವ ರೆಕ್ಕೆ ಮೊದಲು ಬೀಳುತ್ತದೆ ಎಂದು ನೋಡಬೇಕು. ಈ ಅರಿವಿಲ್ಲದೆ ಇಳಿಸಲು ಹೋಗುವವರು ಕೊನೆಯ ತಿರುವಿನಲ್ಲಿ ಅದನ್ನು ಕಲಿಯಬೇಕಾಗುತ್ತದೆ.

ಕೊನೆಯ ತಿರುವೇ ಈ ವಿಮಾನಗಳ ಗಂಡಾಂತರ. ಗಾಳಿಯ ಜೊತೆ ಬರುವಾಗ ನೆಲದ ಮೇಲಿನ ವೇಗ ಹೆಚ್ಚು ಕಾಣುತ್ತದೆ, ಕೈ ತಾನಾಗಿ ಥ್ರಾಟಲ್ ಇಳಿಸುತ್ತದೆ. ಗಾಳಿಯೊಳಗಿನ ವೇಗ ಅಷ್ಟರಲ್ಲಿ ಕುಸಿದಿರುತ್ತದೆ. ಅದೇ ಹೊತ್ತಿಗೆ ಬಿಗಿಯಾಗಿ ತಿರುಗಿಸಿದರೆ ಒಳರೆಕ್ಕೆ ಕಳಚಿದಂತೆ ಕೆಳಗೆ ಹೋಗುತ್ತದೆ. ವಾಲುವಿಕೆ 30 ಡಿಗ್ರಿ ದಾಟಬಾರದು, ರಡ್ಡರ್ ಕೊಡುವುದನ್ನು ಮರೆಯಬಾರದು. ಉದ್ದ ರೆಕ್ಕೆಯ ಏಲೆರಾನ್ ಮೂಗನ್ನು ತಿರುವಿನ ಎದುರು ದಿಕ್ಕಿಗೆ ಎಳೆಯುತ್ತದೆ. ಏಲೆರಾನ್ ಮೇಲೆ ಹೋಗುವಷ್ಟು ಕೆಳಗೆ ಇಳಿಯದಂತೆ ಹೊಂದಿಸುವುದು ಇದಕ್ಕೆ ಪರಿಹಾರ. ಇಳಿಯುವಾಗ ಮೋಟಾರು ಪೂರ್ತಿ ನಿಲ್ಲಿಸಬಾರದು. ಗಾಳಿಗೆ ತಿರುಗುವ ನಾಲ್ಕು ಪ್ರೊಪೆಲರುಗಳು ದೊಡ್ಡ ತಡೆಯಾಗಿ ವಿಮಾನವನ್ನು ಕಲ್ಲಿನಂತೆ ಕೆಡವುತ್ತವೆ. ಕಾಲು ಭಾಗ ಥ್ರಾಟಲ್ ಹಿಡಿದು, ಮುಖ್ಯ ಚಕ್ರ ತಾಕಿದ ಮೇಲೆಯೇ ತೆಗೆಯಬೇಕು.

ಒಂದು ಮೋಟಾರು ನಿಂತರೆ? ಉಳಿದ ಮೂರಕ್ಕೂ ಒಮ್ಮೆಲೇ ಶಕ್ತಿ ಏರಿಸುವುದು ಸಹಜ ಪ್ರತಿಕ್ರಿಯೆ, ಅದೇ ಘಾತಕ. ಮೊದಲು ಎಲ್ಲವನ್ನೂ ತಗ್ಗಿಸಿ, ಮೂಗು ಕೆಳಗೆ ಮಾಡಿ ವೇಗ ಉಳಿಸಿಕೊಂಡು, ರಡ್ಡರಿನಿಂದ ನೇರ ಮಾಡಿ, ಆಮೇಲೆ ಬೇಕಾದಷ್ಟೇ ಶಕ್ತಿ ಕೊಡಬೇಕು.

5,000 ಎಂಎಎಚ್‌ನ ಎರಡು ಬ್ಯಾಟರಿಗಳಿಂದ 7 ಕೆ.ಜಿ. ಮಾದರಿ ಹನ್ನೆರಡು ನಿಮಿಷ ಹಾರಬಲ್ಲದು. ಟೈಮರನ್ನು 8ಕ್ಕೆ ಇಡಬೇಕು, ಒಮ್ಮೆ ಇಳಿಯಲಾಗದೆ ಮತ್ತೆ ಸುತ್ತು ಹಾಕಬೇಕಾದರೆ ಉಳಿದದ್ದು ನೆರವಾಗುತ್ತದೆ. ವಾಯುಪಡೆಯ ಬೂದು ಬಣ್ಣ ಕಲಬುರಗಿಯ ಧೂಳಿನ ಆಕಾಶದಲ್ಲಿ ಬೇಗ ಕರಗುತ್ತದೆ, 300 ಮೀಟರ್ ಆಚೆಗೆ ವಿಮಾನ ಬರುತ್ತಿದೆಯೋ ಹೋಗುತ್ತಿದೆಯೋ ತಿಳಿಯುವುದಿಲ್ಲ. ರೆಕ್ಕೆಯ ಮುಂತುದಿಯಲ್ಲಿ ಎರಡು ಪ್ರಖರ ಎಲ್‌ಇಡಿ ದೀಪ ಹಾಕುವುದು ಅಲಂಕಾರಕ್ಕಲ್ಲ.

ಸರಕು

ಹಿಂಬಾಗಿಲು ತೆರೆದು ಪುಟ್ಟ ಪ್ಯಾರಾಚೂಟಿನ ಮೂಟೆ ಇಳಿಸುವುದು ಈ ಮಾದರಿಗಳ ವಿಶೇಷ. ಮೂಟೆ ಒಡಲಿನಲ್ಲಿ ಹಿಂದಕ್ಕೆ ಜಾರುವಾಗ ಗುರುತ್ವ ಕೇಂದ್ರವೂ ಜಾರುತ್ತದೆ, ಮೂಗು ಏಳುತ್ತದೆ. ಹೊರಬಿದ್ದೊಡನೆ ಎಲ್ಲ ತಟ್ಟನೆ ಸರಿಹೋಗುತ್ತದೆ. 7 ಕೆ.ಜಿ. ವಿಮಾನಕ್ಕೆ 200 ಗ್ರಾಂ ಮೂಟೆ ಮೀರಬಾರದು. ಜಾರುವ ಕಾಲ ಎಷ್ಟು ಕಡಿಮೆಯಾದರೆ ಅಷ್ಟು ಒಳ್ಳೆಯದು. ಹೊರಕ್ಕೆಳೆಯುವ ಚಿಕ್ಕ ಪ್ಯಾರಾಚೂಟ್ ಮೊದಲು ಬಿಡುಗಡೆಯಾಗಿ ಮೂಟೆಯನ್ನು ಸೆಳೆಯುವ ಅಸಲು ಸೇನಾ ವಿಧಾನವೇ ಮಾದರಿಗೂ ಉತ್ತಮ. ಜನ, ದನ, ರಸ್ತೆ ಇಲ್ಲದ ಸ್ವಂತ ಪಟ್ಟಿಯ ಮೇಲೆ ಮಾತ್ರ ಇದನ್ನು ಮಾಡಬೇಕು.

ಹೊರುವ ಭಾರವನ್ನೇ ಪಣವಾಗಿಟ್ಟ ಇನ್ನೊಂದು ಕವಲು ಎಂಜಿನಿಯರಿಂಗ್ ವಿದ್ಯಾರ್ಥಿಗಳದು. ಅಮೆರಿಕದಲ್ಲಿ 1986ರಲ್ಲಿ ಆರಂಭವಾದ ಎಸ್‌ಎಇ ಏರೋ ಡಿಸೈನ್ ಸ್ಪರ್ಧೆಯಲ್ಲಿ ತಂಡಗಳು ತಾವೇ ಕಟ್ಟಿದ ವಿಮಾನ ಎಷ್ಟು ತೂಕ ಹೊತ್ತು ಸುತ್ತು ಹಾಕಿ ಇಳಿಯುತ್ತದೆಂದು ತೋರಿಸಬೇಕು. ಎಸ್‌ಎಇ ಇಂಡಿಯಾ ಇದೇ ಮಾದರಿಯ ಸ್ಪರ್ಧೆಯನ್ನು ಇಲ್ಲಿ ನಡೆಸುತ್ತದೆ. ಆ ವಿಮಾನಗಳು ನೋಡಲು ಹರ್ಕ್ಯುಲಿಸ್‌ನಂತೆ ಇರುವುದಿಲ್ಲ: ದಪ್ಪ ರೆಕ್ಕೆ, ಕಡ್ಡಿಯಂಥ ಬಾಲ, ನಡುವೆ ತೂಕದ ಪೆಟ್ಟಿಗೆ. ಎಷ್ಟು ಹೊರುತ್ತೇವೆಂದು ಮೊದಲೇ ಲೆಕ್ಕಹಾಕಿ ಬರೆದುಕೊಟ್ಟು, ಬಯಲಿನಲ್ಲಿ ಅದನ್ನು ನಿಜಮಾಡಿ ತೋರಿಸುವುದು ಸ್ಪರ್ಧೆಯ ಭಾಗ. 1958ರಿಂದ ಪಿಡಿಎ ಎಂಜಿನಿಯರಿಂಗ್ ಕಾಲೇಜು ಇರುವ ಕಲಬುರಗಿಯ ವಿದ್ಯಾರ್ಥಿಗಳಿಗೆ ಇಂಥ ವಿಮಾನವನ್ನು ಮೇ ತಿಂಗಳ ತೆಳು ಗಾಳಿಯಲ್ಲಿ ಪರೀಕ್ಷಿಸಲು ಮನೆಬಾಗಿಲಿನಲ್ಲೇ ಬಯಲಿದೆ. ಆ ಗಾಳಿಯಲ್ಲಿ 3 ಕಿಲೋ ಹೊತ್ತ ವಿಮಾನ ಸಮುದ್ರದಂಡೆಯ ತಂಪು ಬೆಳಗಿನಲ್ಲಿ ಅದಕ್ಕಿಂತ ಹೆಚ್ಚು ಹೊರುತ್ತದೆ. ಎಷ್ಟು ಹೆಚ್ಚು ಎಂಬುದನ್ನು ಗಾಳಿಯ ಸಾಂದ್ರತೆಯ ಅನುಪಾತದಿಂದ ಎಣಿಸಿ ನೋಡುವುದೇ ಅವರ ಮೊದಲ ಪಾಠವಾಗಬಹುದು.